ಏಳು ತಿಂಗಳಾದ್ಮೇಲೆ ಬಂದ ನೋಟಿಸ್: ನಮ್ಮ ರಸ್ತೆಗಳ ಇನ್ನೊಂದು ಇತಿಹಾಸ

ಫೋಟೊ 1: ಕಡ್ಡಿರಾಂಪುರದ ಹತ್ತಿರ, ಹಂಪಿ ರಸ್ತೆ

ಹಂಪಿ ಅಂದ್ರೆ ಎಲ್ಲರೂ ಕಲ್ಲಿನ ರಥದ ಇತಿಹಾಸ ಕೇಳ್ತೀರಿ. ಈ ಸಲ ಆ ರಥ ನೋಡೋಕೆ ಹೋಗೋ ರಸ್ತೆಯ ಇತಿಹಾಸ.

ಸುಮ್ನೆ ಹೀಗೆ ಅಂದ್ಕೊಳ್ಳಿ. ಭಾನುವಾರ ಅಪ್ಪನ ಹಳೇ ಕಾರು ತಗೊಂಡು ನಾಲ್ಕು ಜನ ಹೊಸಪೇಟೆಯಿಂದ ಹೊರಟಿದ್ದೀರಿ. ಮುಂದಿದ್ದ ಬೈಕ್ ಗಕ್ಕನೆ ನಿಂತಿತು, ನಿಮ್ಮ ಬಂಪರ್ ತಾಗಿತು. ಬೈಕಿನವರು ಬಿದ್ದರು, ಎದ್ದರು, ಧೂಳು ಕೊಡವಿಕೊಂಡು "ಏನಾಗಿಲ್ಲ ಬಿಡಪ್ಪಾ" ಅಂದ್ರು. ಒಡೆದ ಇಂಡಿಕೇಟರ್‌ಗೆ 1,500 ರೂಪಾಯಿ ಫೋನ್‌ಪೇ ಮಾಡಿದಿರಿ. ಕಾರಿನ ಇನ್ಶೂರೆನ್ಸ್ ಮುಗಿದು ನಾಲ್ಕು ತಿಂಗಳಾಗಿತ್ತು, ಆದರೆ ಅದನ್ನ ಯಾರೂ ಕೇಳಲಿಲ್ಲ. ಏಳು ತಿಂಗಳಾದ ಮೇಲೆ ಅಪ್ಪನ ಹೆಸರಿಗೆ ನೋಟಿಸ್ ಬರುತ್ತೆ: ಬೆನ್ನುಮೂಳೆಗೆ ಪೆಟ್ಟು, ದುಡಿಯೋಕೆ ಆಗ್ತಿಲ್ಲ, ಪರಿಹಾರ ಕೊಡಿಸಿ ಅಂತ.

ಮನೇಲಿ ಮೊದಲು ಬರೋ ಮಾತು ಒಂದೇ. "ಇಷ್ಟು ತಡವಾಗಿ ಕೇಸ್ ಹಾಕೋಕೆ ಬರುತ್ತಾ?" ಈ ಪ್ರಶ್ನೆಗೆ ನಮ್ಮ ದೇಶದ ಕಾನೂನು ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಕೊಟ್ಟಿದೆ. ಅದೇ ಇವತ್ತಿನ ಕಥೆ.

ಫೋಟೊ 2: ಕಂಪ್ಲಿ ಸೇತುವೆ

ಡ್ಯಾಂನಿಂದ ನೀರು ಬಿಟ್ಟಾಗ ಮುಳುಗುತ್ತಲ್ಲ, ಅದೇ ಸೇತುವೆ. ಇಲ್ಲಿ ನಿಂತು 1940ರ ಸುಮಾರನ್ನ ನೆನೆಸಿಕೊಳ್ಳಿ. ನೀವು ನಿಂತಿರೋ ದಡ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಅಂದರೆ ಬ್ರಿಟಿಷ್ ಇಂಡಿಯಾ. ಎದುರಿನ ಗಂಗಾವತಿ ಕಡೆ ನಿಜಾಮನ ಹೈದರಾಬಾದ್. ದಕ್ಷಿಣಕ್ಕೆ ಬೆಟ್ಟದ ಸಾಲಿನಾಚೆ ಸಂಡೂರು, ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಒಂದೇ ದಿನದಲ್ಲಿ ಮೂರೂ ಕಡೆ ಗಾಡಿ ಓಡಿಸಿದರೆ ಮೂರು ಆಡಳಿತ ದಾಟಿದ ಹಾಗೆ! ದೆಹಲಿಯಲ್ಲಿ ಆದ ಕಾನೂನು ಹೊಸಪೇಟೆಗೆ ಅನ್ವಯಿಸಿದರೂ ಸಂಡೂರಿನೊಳಗೆ ತಾನಾಗಿಯೇ ಜಾರಿಗೆ ಬರುತ್ತಿರಲಿಲ್ಲ.

ಹೊಸಪೇಟೆ ಕಡೆಯಾದರೂ ಪರಿಸ್ಥಿತಿ ಚೆನ್ನಾಗಿತ್ತಾ? ಇಲ್ಲ. 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆ ಸತ್ತವರ ಕುಟುಂಬಕ್ಕೆ ಮಾತ್ರ. ಬದುಕಿ ಉಳಿದ ಗಾಯಾಳು ಸಿವಿಲ್ ಕೋರ್ಟಿಗೆ ಹೋಗಬೇಕು, ಕೋರ್ಟ್ ಫೀ ಕಟ್ಟಬೇಕು. 1908ರ ಕಾಲಮಿತಿ ಕಾಯ್ದೆ ಪ್ರಕಾರ ಅವನಿಗಿದ್ದದ್ದು ಒಂದು ವರ್ಷ. ಗೆದ್ದರೂ ಲಾರಿ ಮಾಲೀಕನ ಹತ್ತಿರ ದುಡ್ಡಿಲ್ಲದಿದ್ದರೆ ಕೈಗೆ ಬರೋದು ಬರೀ ತೀರ್ಪಿನ ಕಾಗದ.

ಇಂಗ್ಲೆಂಡಿನಲ್ಲಿ 1930ರಲ್ಲೇ ಮೂರನೆಯವರಿಗೆ ಆಗುವ ಹಾನಿಗೆ ಇನ್ಶೂರೆನ್ಸ್ ಕಡ್ಡಾಯವಾಯಿತು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆ ಬಂದಿದ್ದು 1939ರಲ್ಲಿ, ಆದರೆ ಅದರ ಇನ್ಶೂರೆನ್ಸ್ ಅಧ್ಯಾಯ ಜಾರಿಯಾಗಿದ್ದು 1946ರ ಜುಲೈ 1ಕ್ಕೆ. ಏಳು ವರ್ಷ ಅದು ಪುಸ್ತಕದಲ್ಲೇ ಮಲಗಿತ್ತು. ಅಷ್ಟರಲ್ಲಿ ಇಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾಗಿತ್ತು.

ಫೋಟೊ 3: ಹೊಸ ನಕ್ಷೆ, ಹೊಸ ನ್ಯಾಯಮಂಡಳಿ

1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1949ರಲ್ಲಿ ಸಂಡೂರು ವಿಲೀನವಾಯಿತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. 1956ರ ನವೆಂಬರ್ 1ಕ್ಕೆ ಹೊಳೆಯ ಎರಡೂ ದಡ ಒಂದೇ ರಾಜ್ಯ.

ಅದೇ 1956ರಲ್ಲಿ ಮೋಟಾರು ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯ್ತು. ಅಪಘಾತ ಪರಿಹಾರಕ್ಕೇ ಅಂತ ಬೇರೆ ನ್ಯಾಯಮಂಡಳಿ. ಇವತ್ತು ವಕೀಲರು ಎಂಎಸಿಟಿ ಅಂತಾರಲ್ಲ, ಅದರ ಬೇರು ಇಲ್ಲಿದೆ. ಸಿವಿಲ್ ದಾವೆಯ ಸುತ್ತಾಟ ತಪ್ಪಿತು, ಸರಿ. ಆದರೆ ಅರ್ಜಿ ಹಾಕೋಕೆ ಕೊಟ್ಟ ಗಡುವು ನೋಡಿ: 60 ದಿನ! ತಕ್ಕ ಕಾರಣ ತೋರಿಸಿದರೆ ತಡವನ್ನ ಮನ್ನಿಸಬಹುದಿತ್ತು ಅನ್ನೋದೊಂದೇ ಸಮಾಧಾನ. 1969ರಲ್ಲಿ ಅದು ಆರು ತಿಂಗಳಾಯಿತು.

ನನಗೆ ಈ 60 ದಿನ ಓದಿದಾಗಲೆಲ್ಲ ಸಿಟ್ಟು ಬರುತ್ತೆ. ಪೆಟ್ಟು ಕ್ಯಾಲೆಂಡರ್ ನೋಡಿಕೊಂಡು ಕಾಣಿಸಿಕೊಳ್ಳಲ್ಲ. ಹಿಂದಿನಿಂದ ಗುದ್ದಿಸಿಕೊಂಡವರಿಗೆ ಕುತ್ತಿಗೆ ನೋವು ಎಷ್ಟೋ ಸಲ ಮರುದಿನ ಶುರುವಾಗುತ್ತೆ. ವಯಸ್ಸಾದವರಿಗೆ ತಲೆಗೆ ಸಣ್ಣ ಏಟು ಬಿದ್ದರೂ ಒಳಗೆ ನಿಧಾನಕ್ಕೆ ರಕ್ತ ಕೂಡಿ, ವಾರಗಳಾದ ಮೇಲೆ ತಲೆನೋವು, ಮರೆವು, ಕೈಕಾಲು ಸೋಲೋದು ಕಾಣಬಹುದು. ಕೂಲಿ ಮಾಡೋರು ಮೊದಲ ತಿಂಗಳು ಎಣ್ಣೆ ತಿಕ್ಕಿಕೊಂಡೇ ಕಳೀತಾರೆ, ಸ್ಕ್ಯಾನಿಂಗ್‌ಗೆ ದುಡ್ಡು ಹೊಂದಿಸಿಕೊಳ್ಳೋದು ಆಮೇಲೆ. "ತಡವಾಗಿ ಬಂದ, ಹಂಗಾದ್ರೆ ಸುಳ್ಳು" ಅನ್ನೋದು ಅಷ್ಟು ಸುಲಭದ ಲೆಕ್ಕ ಅಲ್ಲ.

ಫೋಟೊ 4: ಸಂಡೂರಿನ ಕೆಂಪು ಧೂಳು

1988ರ ಹೊಸ ಕಾಯ್ದೆ 1989ರ ಜುಲೈನಿಂದ ಜಾರಿ. ಆರು ತಿಂಗಳು, ಕಾರಣ ತೋರಿಸಿದರೆ ಹೆಚ್ಚೆಂದರೆ ಹನ್ನೆರಡು. ಅದರಾಚೆ ನ್ಯಾಯಾಧೀಶರಿಗೆ ಮನಸ್ಸಿದ್ದರೂ ಬಾಗಿಲು ತೆಗೆಯೋ ಹಾಗಿಲ್ಲ. 1994ರಲ್ಲಿ ಸಂಸತ್ತು ಆ ಗಡುವನ್ನೇ ಕಿತ್ತುಹಾಕಿತು. ಮಧ್ಯಪ್ರದೇಶದ ಒಬ್ಬ ಗಾಯಾಳು ಹನ್ನೆರಡು ತಿಂಗಳ ಗಡಿಯನ್ನ ಕೆಲವೇ ದಿನ ದಾಟಿದ್ದಕ್ಕೆ ಅರ್ಜಿ ಕಳೆದುಕೊಂಡಿದ್ದರು. 1996ರಲ್ಲಿ ಸುಪ್ರೀಂ ಕೋರ್ಟ್, ಗಡುವೇ ಹೋದ ಮೇಲೆ ಬಾಕಿ ಇರುವ ಇಂಥವರಿಗೂ ಅದರ ಲಾಭ ಸಿಗಬೇಕು ಅಂತು.

ಅಲ್ಲಿಂದ ಇಪ್ಪತ್ತೇಳು ವರ್ಷ ಯಾವ ಗಡುವೂ ಇರಲಿಲ್ಲ. ನಮ್ಮ ಭಾಗಕ್ಕೆ ಆ ಅವಧಿ ಅಂದ್ರೆ ಏನು ಅಂತ ನಿಮ್ಮ ಅಣ್ಣಂದಿರನ್ನ ಕೇಳಿ. ಸಂಡೂರಿನಿಂದ ಅದಿರು ಲಾರಿಗಳು ಹಗಲೂ ರಾತ್ರಿ ಸಾಲುಗಟ್ಟಿ ಓಡಿದ ವರ್ಷಗಳು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ತನಕ. ಅದೇ ವರ್ಷದ ಫೆಬ್ರುವರಿಯಲ್ಲಿ ಅದೇ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಹೇಳಿತ್ತು: ಎಫ್‌ಐಆರ್ ತಡವಾಯ್ತು ಅನ್ನೋ ಒಂದೇ ಕಾರಣಕ್ಕೆ ಪರಿಹಾರ ತಳ್ಳಿಹಾಕಬಾರದು, ನಮ್ಮ ದೇಶದಲ್ಲಿ ಜನ ಮೊದಲು ಓಡೋದು ಆಸ್ಪತ್ರೆಗೆ, ಠಾಣೆಗಲ್ಲ.

ಇದರ ದುರುಪಯೋಗ ಆಗಲಿಲ್ವಾ? ಆಯ್ತು. ಉತ್ತರ ಪ್ರದೇಶದಲ್ಲಿ ಸುಳ್ಳು ಕ್ಲೈಮ್‌ಗಳ ತನಿಖೆಗೆ ವಿಶೇಷ ತಂಡವನ್ನೇ ಮಾಡಬೇಕಾಯಿತು. ಎಲ್ಲೋ ಬಿದ್ದು ಮುರಿದ ಕಾಲಿಗೆ ಯಾರದೋ ಗಾಡಿ ನಂಬರ್ ಅಂಟಿಸೋದು ಕಥೆಯಲ್ಲಿ ಮಾತ್ರ ನಡೆಯೋದಲ್ಲ. ಹಂಗಂತ ನಿಜವಾದ ಗಾಯಾಳುವಿನ ಬಾಗಿಲು ಮುಚ್ಚೋದು ಅದಕ್ಕೆ ಮದ್ದು ಅಂತ ನನಗನ್ನಿಸಲ್ಲ.

ಸಂಸತ್ತಿಗೆ ಬೇರೆ ಅನ್ನಿಸಿತು. 2019ರ ತಿದ್ದುಪಡಿ ಆರು ತಿಂಗಳ ಗಡುವನ್ನ ವಾಪಸ್ ತಂದಿತು, 2022ರ ಏಪ್ರಿಲ್ 1ರಿಂದ ಜಾರಿ. 1988ರಲ್ಲಿದ್ದ ರಿಯಾಯಿತಿಯ ಸಾಲೂ ಈ ಸಲ ಇಲ್ಲ. ಇದನ್ನ ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದೆ ಬಂದವು. 2025ರ ನವೆಂಬರ್‌ನಲ್ಲಿ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ಆರು ತಿಂಗಳು ದಾಟಿತು ಅಂತ ಯಾವ ಅರ್ಜಿಯನ್ನೂ ಸದ್ಯಕ್ಕೆ ವಜಾ ಮಾಡಬೇಡಿ ಅಂದಿತು. ಹಾಗಾಗಿ ಏಳು ತಿಂಗಳಾಯ್ತು ಅಂತ ಮಾತ್ರ ಹೇಳಿ ಆ ನೋಟಿಸನ್ನ ಮಡಚಿಡೋಕೆ ಬರಲ್ಲ. ಹಾಜರಾಗದಿದ್ದರೆ ನಿಮ್ಮ ಮಾತೇ ಕೇಳದೆ ತೀರ್ಪು ಆಗಬಹುದು.

ಫೋಟೊ 5: ಹಾಗಾದ್ರೆ ದುಡ್ಡು ಯಾರು ಕೊಡೋದು?

ಕೊನೆ ಫೋಟೊ, ಕ್ಯಾಪ್ಷನ್ ಸ್ವಲ್ಪ ಉದ್ದ. ಓದಿ.

ಇನ್ಶೂರೆನ್ಸ್ ಇದ್ದರೆ ಪರಿಹಾರದ ಹಣ ಕಂಪನಿ ಕಟ್ಟುತ್ತೆ. ಇಲ್ಲದಿದ್ದರೆ ಹೊಣೆ ಓಡಿಸಿದವರದು, ಜೊತೆಗೆ ಮಾಲೀಕರದು. ಅಂದರೆ ಸ್ಟೀರಿಂಗ್ ನಿಮ್ಮ ಕೈಲಿದ್ದರೂ ನೋಟಿಸ್ ಅಪ್ಪನಿಗೂ. ಇನ್ಶೂರೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ಮೊದಲ ಸಲ ದಂಡ 2,000 ರೂಪಾಯಿ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎಲ್ಲರಿಗೂ ಗೊತ್ತಿರೋದು ಆ 2,000 ಮಾತ್ರ. ಯಾರ ತಪ್ಪು ಅಂತ ನೋಡದೆಯೇ ಕೊಡಬೇಕಾದ ಮೊತ್ತ, 164ನೇ ಕಲಂ ಪ್ರಕಾರ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಸಾವಿಗೆ ಐದು ಲಕ್ಷ. ಕಾನೂನಿನ ಕಣ್ಣಲ್ಲಿ ಮೂಳೆ ಮುರಿದರೆ, ಹಲ್ಲು ಮುರಿದರೂ ಅದು ತೀವ್ರ ಗಾಯವೇ. ನಾವು "ಸಣ್ಣ ಆಕ್ಸಿಡೆಂಟ್" ಅನ್ನೋದು ಬಂಪರ್ ನೋಡಿ, ಕಾನೂನು ನೋಡೋದು ಎಕ್ಸ್‌ರೇ.

ಕಟ್ಟದಿದ್ದರೆ? ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಬಹುದು, ಅವರು ಅದನ್ನ ಭೂ ಕಂದಾಯದ ಬಾಕಿ ಥರ ವಸೂಲಿ ಮಾಡ್ತಾರೆ. 2021ರಿಂದ ಹೊಸಪೇಟೆಗೆ ವಿಜಯನಗರದ ಜಿಲ್ಲಾಧಿಕಾರಿ, ಕಂಪ್ಲಿ ಸಂಡೂರಿಗೆ ಬಳ್ಳಾರಿಯವರು. ಇನ್ನೊಂದು ವಿಷಯ, ಅರ್ಜಿದಾರ ತಾನು ವಾಸಿಸೋ ಊರಿನ ವ್ಯಾಪ್ತಿಯಲ್ಲೂ ಕೇಸ್ ಹಾಕಬಹುದು. ಕಂಪ್ಲಿಯಲ್ಲಿ ತಾಗಿಸಿದ್ದಕ್ಕೆ ಹೊಳೆ ದಾಟಿ ಕೊಪ್ಪಳ ಜಿಲ್ಲೆಗೆ ಅಲೆಯಬೇಕಾಗಿ ಬಂದರೆ ಆಶ್ಚರ್ಯ ಇಲ್ಲ.

ಹಂಗಂತ ನೋಟಿಸ್ ಬಂದ ಕೂಡಲೇ ಸೋತಂಗಲ್ಲ. ಆ ನೋವು ಈ ಡಿಕ್ಕಿಯಿಂದಲೇ ಬಂತು ಅಂತ ತೋರಿಸಬೇಕಾದವರು ಅರ್ಜಿದಾರರು. ನ್ಯಾಯಮಂಡಳಿ ಕ್ರಿಮಿನಲ್ ಕೋರ್ಟಿನಷ್ಟು ಬಿಗಿ ಸಾಕ್ಷ್ಯ ಕೇಳಲ್ಲ, ಆದರೆ ಮೊದಲ ದಿನದ ಆಸ್ಪತ್ರೆ ಚೀಟಿ, ಪೊಲೀಸ್ ದಾಖಲೆ, ಫೋಟೊ ಎಲ್ಲ ನೋಡುತ್ತೆ. ಗಾಯಾಳುವನ್ನ ಆಸ್ಪತ್ರೆಗೆ ಸೇರಿಸೋದು, 24 ಗಂಟೆಯೊಳಗೆ ಠಾಣೆಗೆ ತಿಳಿಸೋದು ಚಾಲಕನ ಕರ್ತವ್ಯ ಅಂತ 134ನೇ ಕಲಂ ಹೇಳುತ್ತೆ. ನಾವು ಅದನ್ನ ಶಿಕ್ಷೆ ಅಂದ್ಕೊಂಡು ರಸ್ತೆಯಲ್ಲೇ ರಾಜಿ ಮಾಡ್ಕೊಂಡು ಬರ್ತೀವಿ. ಏಳು ತಿಂಗಳಾದ ಮೇಲೆ "ಅವತ್ತು ಆತ ಎದ್ದು ನಡೆದ" ಅನ್ನೋದಕ್ಕೆ ಕೈಲಿ ಉಳಿಯೋದು ಆ 1,500ರ ಫೋನ್‌ಪೇ ಸ್ಕ್ರೀನ್‌ಶಾಟ್. ನೀವು ದುಡ್ಡು ಕೊಟ್ಟಿರಿ, ಅಂದ್ರೆ ಡಿಕ್ಕಿ ಆಗಿದ್ದು ನಿಜ ಅಂತ ಅದನ್ನೇ ಅವರೂ ತೋರಿಸಬಹುದು!

2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಟ್ಟಿಗೇ ತಗೋಬೇಕು ಅಂತ ಆಯ್ತು. ಒಮ್ಮೆ ಕಟ್ಟಿದ್ದು, ಆಮೇಲೆ ಮನೇಲಿ ಯಾರಿಗೂ ನೆನಪಿರಲ್ಲ. 2020ರಲ್ಲಿ ತಗೊಂಡ ಸ್ಕೂಟಿ ನಿಮ್ಮ ಕಾಲೇಜ್ ಪಾರ್ಕಿಂಗ್‌ನಲ್ಲಿದ್ದರೆ, ಅದರ ಐದು ವರ್ಷ 2025ಕ್ಕೇ ಮುಗಿದಿದೆ.

#ಹೊಸಪೇಟೆ #ಕಂಪ್ಲಿ #ಸಂಡೂರು #ಹಂಪಿ #ನಮ್ಮೂರಇತಿಹಾಸ