ಹೇಸರಗತ್ತೆಯ ಹಾದಿಯಲ್ಲಿ ಸೈಕಲ್ಲು

ಮಗಳ ಬಾಣಂತನಕ್ಕೆಂದು ಅಮೆರಿಕಾಕ್ಕೆ ಹೋದ ತಾಯಂದಿರು ಹಿಂತಿರುಗಿ ಬಂದ ಮೇಲೆ ಏನೇನು ಹೇಳುತ್ತಾರೆ ಎಂಬುದು ನಮಗೆಲ್ಲ ಬಾಯಿಪಾಠವಾಗಿ ಹೋಗಿದೆ. ನಯಾಗರ ಜಲಪಾತ, ಶ್ವೇತಭವನ, ದೇವಸ್ಥಾನದಲ್ಲಿ ಸಿಕ್ಕ ಪುಳಿಯೋಗರೆ. ನಾನೂ ಅವನ್ನೆಲ್ಲ ನೋಡಿದೆ, ತಿಂದೆ. ಆದರೆ ಆ ಪ್ರವಾಸದಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಒಂದು ಮಣ್ಣಿನ ದಾರಿ. ವಾಷಿಂಗ್ಟನ್ ನಗರದ ಜಾರ್ಜ್‌ಟೌನಿನಲ್ಲಿ ಶುರುವಾಗಿ ಪೊಟೊಮ್ಯಾಕ್ ನದಿಯ ಪಕ್ಕದಲ್ಲೇ ಸಾಗಿ ಕಂಬರ್‌ಲ್ಯಾಂಡ್ ಎಂಬ ಬೆಟ್ಟದ ಬುಡದ ಊರಿನವರೆಗೆ 184.5 ಮೈಲಿ ಹೋಗುವ ದಾರಿ ಅದು. ಒಂದು ಕಡೆ ನದಿ, ಇನ್ನೊಂದು ಕಡೆ ನೀರು ನಿಂತ ಅಥವಾ ಬತ್ತಿ ಮರ ಬೆಳೆದ ಹಳೆಯ ಕಾಲುವೆ, ನಡುವೆ ಎಂಟು ಹತ್ತು ಅಡಿಯ ಹಾದಿ. ಮೋಟಾರು ವಾಹನಕ್ಕೆ ಪ್ರವೇಶವಿಲ್ಲ. ನಡೆಯುವವರು, ಓಡುವವರು, ಸೈಕಲ್ಲಿನವರು, ಅಷ್ಟೇ.

ಮಗಳು ಬಾಡಿಗೆಗೆ ಒಂದು ಸೈಕಲ್ಲು ತಂದು ನಿಲ್ಲಿಸಿದಾಗ ನಾನು ನಕ್ಕುಬಿಟ್ಟೆ. ಹೈಸ್ಕೂಲಿನಲ್ಲಿದ್ದಾಗ ಅಣ್ಣನ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತವಳು ನಾನು. ಮೈನೆರೆದ ಮೇಲೆ ಮನೆಯಲ್ಲಿ ಯಾರೂ ಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲ, ಸೈಕಲ್ಲಿಗೆ ಬೀಗ ಬಿತ್ತು, ಅಷ್ಟೇ. ಮೂವತ್ತೈದು ನಲವತ್ತು ವರ್ಷಗಳ ಮೇಲೆ ಮತ್ತೆ ಸೀಟು ಹತ್ತಿದರೆ ಕಾಲುವೆಗೆ ಬೀಳುವುದು ಖಂಡಿತ ಎಂದುಕೊಂಡೆ. ಬೀಳಲಿಲ್ಲ. ಆದರೆ ನಮ್ಮ ಅಭ್ಯಾಸದಂತೆ ಎಡಕ್ಕೆ ಸರಿದು ಹೋಗುತ್ತಿದ್ದವಳಿಗೆ ಹಿಂದಿನಿಂದ ಬಂದವರೆಲ್ಲ ‘ನಿಮ್ಮ ಎಡಕ್ಕೆ ಬರುತ್ತಿದ್ದೇನೆ’ ಎಂದು ಕೂಗಿದಾಗ ಗಾಬರಿಯಾಗಿ ಇನ್ನಷ್ಟು ಎಡಕ್ಕೇ ಹೋಗುತ್ತಿದ್ದೆ! ಪಾಪ, ಒಬ್ಬ ಮುದುಕರು ಇಳಿದು, ಹಾದಿ ಬಿಟ್ಟು ನಿಂತರು.

ಆ ದಾರಿ ಸೈಕಲ್ಲಿಗಾಗಿ ಮಾಡಿದ್ದಲ್ಲ. ಅದರ ಕಥೆ ಶುರುವಾಗುವುದು 1828ರ ಜುಲೈ 4ರಂದು. ಅಟ್ಲಾಂಟಿಕ್ ಕಡೆಯ ನದಿಗಳನ್ನು ಬೆಟ್ಟದಾಚೆಯ ಓಹಾಯೋ ನದಿಗೆ ಕಾಲುವೆಯಿಂದ ಜೋಡಿಸಬೇಕೆಂಬುದು ಆ ಕಾಲದ ದೊಡ್ಡ ಕನಸು. ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಗುದ್ದಲಿಪೂಜೆಗೆ ಬಂದರು. ಗುದ್ದಲಿ ಬೇರಿಗೆ ತಾಕಿ ನೆಲ ಬಿಡಲಿಲ್ಲ. ಅವರು ಕೋಟು ಕಳಚಿಟ್ಟು ಮತ್ತೆ ಅಗೆದರಂತೆ, ಜನ ಚಪ್ಪಾಳೆ ತಟ್ಟಿದರಂತೆ. ಅದೇ ದಿನ, ಹೆಚ್ಚು ದೂರವಿಲ್ಲದ ಬಾಲ್ಟಿಮೋರಿನಲ್ಲಿ ಇನ್ನೊಂದು ಸಮಾರಂಭ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಬದುಕುಳಿದಿದ್ದ ಕೊನೆಯ ವ್ಯಕ್ತಿ, 90 ವರ್ಷದ ಚಾರ್ಲ್ಸ್ ಕ್ಯಾರಲ್, ಬಾಲ್ಟಿಮೋರ್ ಅಂಡ್ ಓಹಾಯೋ ರೈಲುದಾರಿಗೆ ಮೊದಲ ಕಲ್ಲಿಟ್ಟರು. ಇಬ್ಬರ ಗುರಿಯೂ ಓಹಾಯೋ. ಪಂದ್ಯದ ಫಲಿತಾಂಶ ಬೇಗ ಗೊತ್ತಾಯಿತು. ರೈಲು 1842ರಲ್ಲಿ ಕಂಬರ್‌ಲ್ಯಾಂಡ್ ಮುಟ್ಟಿತು. ಕಾಲುವೆ ಮುಟ್ಟಿದ್ದು 1850ರಲ್ಲಿ. ಅಲ್ಲಿಂದ ಮುಂದಕ್ಕೆ ಅದು ಒಂದು ಗೇಣೂ ಹೋಗಲಿಲ್ಲ.

ಈ ಇಪ್ಪತ್ತೆರಡು ವರ್ಷಗಳಲ್ಲಿ ಸತ್ತವರು, ಸೊರಗಿದವರು ಬಹಳ. ಐರ್ಲೆಂಡಿನಿಂದ ಬಂದ ಕೂಲಿಗಳೇ ಹೆಚ್ಚು. 1832ರಲ್ಲಿ ಕಾಲರಾ ಬಂತು. ಕೂಲಿ ಸಿಗದೆ, ಕೆಲಸಕ್ಕಾಗಿ ಗುಂಪುಗಳು ಹೊಡೆದಾಡಿದಾಗ 1834ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸೈನ್ಯವನ್ನೇ ಕಳಿಸಿದರು. ಕೂಲಿಗಳ ಗಲಾಟೆಗೆ ಕೇಂದ್ರದ ಸೈನ್ಯ ಬಂದದ್ದು ಆ ದೇಶದಲ್ಲಿ ಅದೇ ಮೊದಲು. ನದಿಯ ಆರು ಮೈಲಿ ಸುತ್ತನ್ನು ತಪ್ಪಿಸಲು ಪಾಪಾ ಎಂಬಲ್ಲಿ ಬೆಟ್ಟ ಕೊರೆದು 3,118 ಅಡಿ ಉದ್ದದ ಸುರಂಗ ಮಾಡಿದರು. ಎರಡು ವರ್ಷದಲ್ಲಿ ಮುಗಿಸುತ್ತೇವೆಂದು 1836ರಲ್ಲಿ ತೊಡಗಿದ್ದು 1850ಕ್ಕೆ ಮುಗಿಯಿತು. ಈಗಲೂ ಅದರೊಳಗೆ ದೀಪವಿಲ್ಲ, ಸೈಕಲ್ಲನ್ನು ತಳ್ಳಿಕೊಂಡೇ ಹೋಗಬೇಕು. ಅಂದ ಹಾಗೆ ಪಾಪಾ ಎಂಬುದು ಆ ನದಿದಂಡೆಯಲ್ಲಿ ಬೆಳೆಯುವ ಒಂದು ಕಾಡುಹಣ್ಣಿನ ಹೆಸರು. ಪಪ್ಪಾಯ ಅಲ್ಲ, ನಮ್ಮ ಸೀತಾಫಲದ ಕುಲದ್ದು. ಸೆಪ್ಟೆಂಬರಿನಲ್ಲಿ ಒಂದು ಬಿದ್ದದ್ದನ್ನು ತೊಳೆದು ತಿಂದೆ. ಬಾಳೆಹಣ್ಣಿನ ಮೆದು, ಸೀತಾಫಲದಂಥದೇ ದೊಡ್ಡ ಬೀಜ. ಅಷ್ಟು ದೂರದ ಕಾಡಿನಲ್ಲಿ ನೆಂಟರು ಸಿಕ್ಕಿದಂತಾಯಿತು.

ಕಾಲುವೆಯ ವ್ಯವಸ್ಥೆಯನ್ನು ಸ್ವಲ್ಪ ಹೇಳಲೇಬೇಕು. ಜಾರ್ಜ್‌ಟೌನಿಗಿಂತ ಕಂಬರ್‌ಲ್ಯಾಂಡ್ 605 ಅಡಿ ಎತ್ತರ. ದೋಣಿ ಏರು ಹತ್ತುವುದಿಲ್ಲವಲ್ಲ! ಅದಕ್ಕೆ 74 ಕಡೆ ಕಲ್ಲಿನ ತೊಟ್ಟಿಯಂಥ ಕೋಣೆ ಕಟ್ಟಿದರು. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ಮೇಲಿನಿಂದ ನೀರು ಬಿಟ್ಟರೆ ದೋಣಿ ಸುಮಾರು ಎಂಟು ಅಡಿ ಮೇಲೇಳುತ್ತದೆ, ಆಮೇಲೆ ಮುಂದಿನ ಬಾಗಿಲು ತೆರೆಯುತ್ತಾರೆ. ಬಾಗಿಲು ನೋಡಿಕೊಳ್ಳಲು ಕಾವಲುಗಾರರು, ದಂಡೆಯ ಪಕ್ಕದಲ್ಲಿ ಅವರಿಗೆ ಪುಟ್ಟ ಮನೆಗಳು. ದೋಣಿಯನ್ನು ಎಳೆಯುತ್ತಿದ್ದದ್ದು ಹೇಸರಗತ್ತೆಗಳು. ಅವು ನಡೆಯಲೆಂದೇ ಮಾಡಿದ ದಂಡೆ ಈಗಿನ ಸೈಕಲ್ ಹಾದಿ. ಎರಡು ತಾಗುಗಳ ನಡುವೆ ಅದು ತಟ್ಟೆಯಂತೆ ಸಮ, ಯಾಕೆಂದರೆ ನೀರು ಸಮ. ನನ್ನ ಮೊಣಕಾಲು ಬದುಕಿದ್ದು ಹಾಗೆ.

ದೋಣಿಯಲ್ಲಿ ಸಾಗುತ್ತಿದ್ದದ್ದು ಮುಖ್ಯವಾಗಿ ಕಲ್ಲಿದ್ದಲು. ಒಂದು ದೋಣಿಗೆ ನೂರು ಟನ್ನಿನ ಮೇಲೆ. ಆ ದೋಣಿಯ ಒಂದು ಕೊನೆಯ ಗೂಡಿನಂಥ ಕೋಣೆಯೇ ಸಂಸಾರ. ಗಂಡ ಕ್ಯಾಪ್ಟನ್ನು, ಹೆಂಡತಿ ಅಡುಗೆ, ಬಟ್ಟೆ, ಮಗು, ಜೊತೆಗೆ ಚುಕ್ಕಾಣಿಯನ್ನೂ ಹಿಡಿಯಬೇಕು. ಅಂಬೆಗಾಲಿಡುವ ಮಗು ನೀರಿಗೆ ಬೀಳದಂತೆ ಸೊಂಟಕ್ಕೆ ಹಗ್ಗ ಕಟ್ಟಿ ದೋಣಿಗೇ ಬಿಗಿಯುತ್ತಿದ್ದರು. ಸ್ವಲ್ಪ ದೊಡ್ಡವಾದ ಮಕ್ಕಳು, ಹೆಣ್ಣಾಗಲಿ ಗಂಡಾಗಲಿ, ಹೇಸರಗತ್ತೆಯ ಜೊತೆ ದಂಡೆಯ ಮೇಲೆ ನಡೆಯಬೇಕು. 1920ರ ದಶಕದ ಆರಂಭದಲ್ಲಿ ಅಮೆರಿಕಾದ ಕಾರ್ಮಿಕ ಇಲಾಖೆಯ ಮಕ್ಕಳ ವಿಭಾಗ ಈ ಸಂಸಾರಗಳನ್ನು ವಿಚಾರಿಸಿ 1923ರಲ್ಲಿ ವರದಿ ಕೊಟ್ಟಿತು. ದಿನಕ್ಕೆ 15 ಗಂಟೆಗಿಂತ ಕಡಿಮೆ ದುಡಿಯುವ ದೋಣಿ ಸಂಸಾರವೇ ಸಿಗಲಿಲ್ಲ, 18 ಗಂಟೆ ಮಾಮೂಲು. ಚಳಿಗಾಲಕ್ಕೆ ಕಾಲುವೆಯ ನೀರು ಬಿಟ್ಟಾಗ ಮಾತ್ರ ಶಾಲೆ. ಎಲ್ಲರಿಗಿಂತ ತಡವಾಗಿ ತರಗತಿಗೆ ಬಂದು, ಎಲ್ಲರಿಗಿಂತ ಮೊದಲೇ ಎದ್ದು ಹೋಗುವ ಮಕ್ಕಳು. ನಾನು ಪಾಠ ಮಾಡಿದ ಶಾಲೆಗಳಲ್ಲಿ ಕಬ್ಬು ಕಡಿಯಲು ಊರು ಬಿಡುವ ಕುಟುಂಬಗಳ ಮಕ್ಕಳು ಹಾಗೆಯೇ ಬಂದು ಹೋಗುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಆ ಹೆಸರುಗಳ ಮುಂದೆ ಖಾಲಿ ಬಿಟ್ಟ ಚೌಕಗಳು ನೆನಪಿಗೆ ಬಂದವು. ಹಕ್ಕಿ ಕೂಗುತ್ತಿದ್ದ ಆ ಸುಂದರ ಹಾದಿಯಲ್ಲಿ ಮುಂದಿನ ಒಂದು ಮೈಲಿ ನನಗೆ ಸೈಕಲ್ಲು ತುಳಿಯಲು ಮನಸ್ಸಾಗಲಿಲ್ಲ, ತಳ್ಳಿಕೊಂಡು ನಡೆದೆ.

1870ರ ದಶಕ ಕಾಲುವೆಗೆ ಒಳ್ಳೆಯ ಕಾಲ. 1889ರ ಪ್ರವಾಹ ಅದನ್ನು ಮುರಿಯಿತು, ಕಂಪೆನಿ ದಿವಾಳಿಯಾಗಿ ಕಾಲುವೆ ಎದುರಾಳಿ ರೈಲಿನ ಕೈಗೇ ಹೋಯಿತು. 1924ರ ಪ್ರವಾಹದೊಂದಿಗೆ ದೋಣಿ ನಿಂತೇ ಹೋಯಿತು. 1938ರಲ್ಲಿ ಸರ್ಕಾರ 20 ಲಕ್ಷ ಡಾಲರ್ ಕೊಟ್ಟು ಕೊಂಡುಕೊಂಡಿತು. ವಾಷಿಂಗ್ಟನ್ ಕಡೆಯ 22 ಮೈಲಿಯನ್ನು ದುರಸ್ತಿ ಮಾಡಿದವರು ಸರ್ಕಾರಿ ಉದ್ಯೋಗ ಯೋಜನೆಯ ಕರಿಯ ಯುವಕರು. ಅವರ ಬಗ್ಗೆ ಮಾತಾಡುವವರು ಕಡಿಮೆ.

ಯುದ್ಧ ಮುಗಿದ ಮೇಲೆ ಹೊಸ ಆಲೋಚನೆ ಬಂತು. ಹೇಗೂ ಹಾಳುಬಿದ್ದಿದೆ, ಇದರ ಮೇಲೆಯೇ ಕಾರು ಓಡುವ ಚೆಂದದ ರಸ್ತೆ ಮಾಡಿದರೆ ಜನ ಕಾರಿನಲ್ಲಿ ಕುಳಿತೇ ನದಿ ನೋಡಬಹುದಲ್ಲ! 1954ರ ಜನವರಿಯಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ಸಂಪಾದಕೀಯ ಬರೆದು ಒಪ್ಪಿಗೆ ಸೂಚಿಸಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅದನ್ನೋದಿ ಪತ್ರಿಕೆಗೆ ಒಂದು ಕಾಗದ ಬರೆದರು. ಸಂಪಾದಕರೇ ನನ್ನ ಜೊತೆ ಇಡೀ ದಾರಿ ನಡೆದು ನೋಡಲಿ, ಆಮೇಲೆ ಬರೆಯಲಿ ಎಂಬುದು ಅದರ ಸಾರ. ಸಂಪಾದಕೀಯ ವಿಭಾಗದ ಇಬ್ಬರು ಸವಾಲು ಒಪ್ಪಿದರು. ಮಾರ್ಚ್ 20ರಂದು ಕಂಬರ್‌ಲ್ಯಾಂಡಿನಿಂದ ಗುಂಪು ಹೊರಟಿತು. ಎಂಟು ದಿನ. ಕಾಲಿಗೆ ಬೊಬ್ಬೆ ಬಂದು ನಿಂತವರೇ ಹೆಚ್ಚು. ಕೊನೆಯವರೆಗೆ ಪೂರ್ತಿ ನಡೆದವರು ಒಂಬತ್ತು ಮಂದಿ, ಅವರಲ್ಲಿ 55 ವರ್ಷದ ನ್ಯಾಯಮೂರ್ತಿಗಳೂ ಒಬ್ಬರು. ಪತ್ರಿಕೆ ತನ್ನ ಅಭಿಪ್ರಾಯ ಬದಲಿಸಿತು. ಅಷ್ಟಕ್ಕೇ ಎಲ್ಲ ಸರಿಹೋಯಿತೆಂದಲ್ಲ. ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆಂದು ಕಾಯಿದೆಯಾಗಲು 1971 ಬರಬೇಕಾಯಿತು. ಒಂದು ಓದುಗರ ಪತ್ರಕ್ಕೆ ಹದಿನೇಳು ವರ್ಷ.

ಇನ್ನು ರೈಲಿನ ಪಾಡು. ಕಂಬರ್‌ಲ್ಯಾಂಡಿನಿಂದ ಬೆಟ್ಟ ದಾಟಿ ಹೋಗುತ್ತಿದ್ದ ವೆಸ್ಟರ್ನ್ ಮೇರಿಲ್ಯಾಂಡ್ ರೈಲುದಾರಿ 1912ರಲ್ಲಿ ತೆರೆದದ್ದು, 1975ರಲ್ಲಿ ಮುಚ್ಚಿತು. ಹಳಿ ಕಿತ್ತ ಆ ದಾರಿಯ ಒಂದು ತುಂಡನ್ನು 1986ರಲ್ಲಿ ಓಹಾಯೋಪೈಲ್ ಎಂಬಲ್ಲಿ ಸೈಕಲ್ಲಿಗೆ ಬಿಟ್ಟರು. ಊರೂರಿನ ಸ್ವಯಂಸೇವಕರು ತುಂಡಿಗೆ ತುಂಡು ಸೇರಿಸುತ್ತ ಹೋಗಿ 2013ರಲ್ಲಿ ಪಿಟ್ಸ್‌ಬರ್ಗ್ ಮುಟ್ಟಿಸಿದರು. ಅದು 150 ಮೈಲಿ, ಗ್ರೇಟ್ ಅಲೆಘೆನಿ ಪ್ಯಾಸೇಜ್ ಎಂದು ಹೆಸರು. ಉಗಿಬಂಡಿಗೂ ಕಡಿದಾದ ಏರು ಆಗದು, ಹಾಗಾಗಿ 2,392 ಅಡಿಯ ನೆತ್ತಿಯನ್ನೂ ನಿಧಾನವಾಗಿಯೇ ಹತ್ತುತ್ತದೆ. ಆ ನೆತ್ತಿಯಿಂದ ಪೂರ್ವಕ್ಕೆ ಬಿದ್ದ ಮಳೆ ಅಟ್ಲಾಂಟಿಕ್ ಕಡೆಗೆ, ಪಶ್ಚಿಮಕ್ಕೆ ಬಿದ್ದದ್ದು ಮೆಕ್ಸಿಕೋ ಕೊಲ್ಲಿಗೆ. ಓಹಾಯೋ ನದಿ ಹುಟ್ಟುವುದು ಪಿಟ್ಸ್‌ಬರ್ಗಿನಲ್ಲೇ. ಆಡಮ್ಸ್ ಕೋಟು ಬಿಚ್ಚಿ ಅಗೆದ ಕನಸು 185 ವರ್ಷಗಳ ಮೇಲೆ ಸೈಕಲ್ಲಿನವರಿಗೆ ದಕ್ಕಿತು! ಎರಡೂ ಸೇರಿ ಸುಮಾರು 335 ಮೈಲಿ. ವಾರದಷ್ಟು ದಿನ ತುಳಿದು, ಕಾಡಿನ ಅಂಚಿನ ತಂಗುದಾಣಗಳಲ್ಲಿ ಡೇರೆ ಹಾಕಿ, ಪೂರ್ತಿ ಹೋಗುವವರಿದ್ದಾರೆ. ನಾನು ತುಳಿದದ್ದು ಎಲ್ಲ ಸೇರಿ ಮೂವತ್ತು ಮೈಲಿಯಿರಬಹುದು, ಅದೂ ನಾಲ್ಕು ಭಾನುವಾರಗಳಲ್ಲಿ.

ಆ ಹಾದಿಯಲ್ಲಿ ನನ್ನ ವಯಸ್ಸಿನ ಹೆಂಗಸರು ಎಷ್ಟು ಮಂದಿ ಎಂದು ಎಣಿಸತೊಡಗಿ, ಎಣಿಕೆ ತಪ್ಪಿ ಬಿಟ್ಟೆ. ಇಬ್ಬಿಬ್ಬರಾಗಿ ಹರಟುತ್ತ, ಒಬ್ಬರೇ, ಮೊಮ್ಮಕ್ಕಳ ಜೊತೆ. ಫ್ರಾನ್ಸಿಸ್ ವಿಲ್ಲರ್ಡ್ ಎಂಬ ಆ ದೇಶದ ಸುಧಾರಕಿ, ಮೊದಲು ಶಾಲಾ ಶಿಕ್ಷಕಿಯಾಗಿದ್ದವರು, 53ನೆಯ ವಯಸ್ಸಿನಲ್ಲಿ ದಿನಕ್ಕಿಷ್ಟು ಹೊತ್ತೆಂದು ಮೂರು ತಿಂಗಳು ಕಷ್ಟಪಟ್ಟು ಸೈಕಲ್ಲು ಕಲಿತು, ಅದಕ್ಕೆ ಗ್ಲಾಡಿಸ್ ಎಂದು ಹೆಸರಿಟ್ಟು, 1895ರಲ್ಲಿ ಅದರ ಮೇಲೊಂದು ಪುಸ್ತಕವನ್ನೇ ತಂದರು. ನಮ್ಮಲ್ಲಿ 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸರ್ಕಾರ ಸೈಕಲ್ಲು ಕೊಡಲು ಶುರುಮಾಡಿದಾಗ ಹುಡುಗಿಯರ ಮುಖ ನೋಡಬೇಕಿತ್ತು. ತಾಯಂದಿರ ಮುಖ ಮಾತ್ರ ಬೇರೆ. ಅವರಿಗೆ ಸೈಕಲ್ಲಿನ ಭಯವಿರಲಿಲ್ಲ, ಹೆದ್ದಾರಿಯ ಲಾರಿಯ ಭಯ. ಅದು ಸುಳ್ಳು ಭಯವೇನಲ್ಲ.

ಕೊನೆಯ ಭಾನುವಾರ ಒಂದು ಕಲ್ಲುಕೋಣೆಯ ಬಳಿ ಸೈಕಲ್ಲು ಒರಗಿಸಿ ಕುಳಿತೆ. ಅಂಚಿನ ಕಲ್ಲಿನಲ್ಲಿ ಆಳವಾದ ಗೀರುಗಳು, ಒಂದರ ಪಕ್ಕ ಒಂದು. ದೋಣಿಯ ಹಗ್ಗ ಉಜ್ಜಿ ಉಜ್ಜಿ ಆದದ್ದು ಎಂದಳು ಮಗಳು. ಹೇಳಬೇಕಾಗಿರಲಿಲ್ಲ, ನಮ್ಮ ಹಳೆಯ ಮನೆಯ ಬಾವಿಕಟ್ಟೆಯ ಮೇಲೂ ಅಂಥವೇ ಇದ್ದವು, ನನ್ನ ಅಜ್ಜಿ, ಅವರ ಅತ್ತೆ ಸೇದಿದ ನೀರಿನವು. ಬೆರಳಿಟ್ಟು ನೋಡಿದೆ. ಬೆರಳು ಪೂರ್ತಿ ಕುಳಿತುಕೊಂಡಿತು.