ಮೆಲ್ಕೋರ್ಕಾಳ ಮೌನ: ಐಸ್‌ಲೆಂಡಿನ ಸಾಗಾದಲ್ಲಿ ದಾಸ್ಯ ಮತ್ತು ಪ್ರಣಯದ ಪ್ರಶ್ನೆ

ವೈಕಿಂಗ್ ಯೋಧ, ಅವನ ವಶದಲ್ಲಿರುವ ಹೆಣ್ಣು, ಕ್ರಮೇಣ ಅವರ ನಡುವೆ ಅಂಕುರಿಸುವ ಅನುರಾಗ: ಇಂದಿನ ಐತಿಹಾಸಿಕ ಪ್ರಣಯ ಕಾದಂಬರಿಗಳ ಜನಪ್ರಿಯ ಕಥಾಹಂದರವಿದು. ಇದಕ್ಕೆ ಹತ್ತಿರವಾದ ಪ್ರಸಂಗವೊಂದು 13ನೆಯ ಶತಮಾನದಲ್ಲಿ ಐಸ್‌ಲೆಂಡಿನಲ್ಲಿ ರಚನೆಯಾದ 'ಲಾಕ್ಸ್‌ಡೈಲಾ ಸಾಗಾ'ದಲ್ಲಿದೆ. ಆದರೆ ಅದನ್ನು ಪ್ರೇಮಕಥೆಯೆಂದು ಓದಲು ಪಠ್ಯದಲ್ಲಿ ಆಧಾರವಿಲ್ಲ. ದಾಸಿಯೊಬ್ಬಳು ತನ್ನ ಮಾತು, ಕುಲ ಮತ್ತು ಮಗನ ಮೇಲಿನ ಹಕ್ಕನ್ನು ಕಾಪಾಡಿಕೊಂಡ ಬಗೆಯೇ ಅದರ ತಿರುಳು ಎಂಬುದು ಈ ಲೇಖನದ ವಾದ.

ಹಿನ್ನೆಲೆ ಕಠೋರವಾದುದು. ವೈಕಿಂಗರು 821ರಲ್ಲಿ ಡಬ್ಲಿನ್ ಬಳಿಯ ಹೌತ್ ಮೇಲೆ ದಾಳಿ ಮಾಡಿ ಅಪಾರ ಸಂಖ್ಯೆಯ ಹೆಂಗಸರನ್ನು ಸೆರೆಯೊಯ್ದರೆಂದು 'ಅಲ್ಸ್ಟರ್ ವಾರ್ಷಿಕ ವೃತ್ತಾಂತ' ದಾಖಲಿಸುತ್ತದೆ. ಐಸ್‌ಲೆಂಡಿನ ಮೊದಲ ವಲಸಿಗರಲ್ಲಿ ಗಂಡಸರು ಬಹುಪಾಲು ಸ್ಕ್ಯಾಂಡಿನೇವಿಯಾದವರು, ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬ್ರಿಟಿಷ್ ದ್ವೀಪಗಳ ಮೂಲದವರು ಎಂದು 2000–01ರ ವಂಶವಾಹಿ ಅಧ್ಯಯನಗಳು ಅಂದಾಜಿಸಿವೆ. ಅವರೆಲ್ಲರೂ ದಾಸಿಯರಾಗಿಯೇ ಬಂದರೆನ್ನಲಾಗದು. ಆದರೂ ಈ ಅಸಮತೋಲನವನ್ನು ವಿವರಿಸುವಾಗ ದಾಸವ್ಯಾಪಾರವನ್ನು ಬದಿಗಿಡುವಂತಿಲ್ಲ.

ಸಾಗಾದಲ್ಲಿ ಹೊಸ್ಕುಲ್ಡ್ ಎಂಬ ಐಸ್‌ಲೆಂಡಿಗ ಹೆಣ್ಣನ್ನು ಸೆರೆಹಿಡಿದವನಲ್ಲ, ಕೊಂಡವನು. ಬ್ರೆನ್ ದ್ವೀಪಗಳ ಸಂತೆಯಲ್ಲಿ ಗಿಲ್ಲಿ ಎಂಬ ವ್ಯಾಪಾರಿಯ ಗುಡಾರದ ತೆರೆಯ ಹಿಂದೆ 12 ಹೆಂಗಸರು ಸಾಲಾಗಿ ಕುಳಿತಿದ್ದಾರೆ. ಉಳಿದವರಿಗೆ ತಲಾ ಒಂದು ಮಾರ್ಕ್ ಬೆಳ್ಳಿ. ಅಂಚಿನಲ್ಲಿ ಹಳೆ ಬಟ್ಟೆಯುಟ್ಟು ಕುಳಿತವಳಿಗೆ ಮೂರು, ಎಂದರೆ ಸುಮಾರು 640 ಗ್ರಾಂ. ಆಕೆ ಮೂಕಿಯೆಂದು ಗಿಲ್ಲಿಯೇ ಹೇಳುತ್ತಾನೆ. ಬೆಳ್ಳಿ ತೂಗಿ ಕೊಟ್ಟ ಹೊಸ್ಕುಲ್ಡ್ ಅದೇ ರಾತ್ರಿ ಅವಳೊಡನೆ ಮಲಗುತ್ತಾನೆ. ಮರುದಿನ ಒಳ್ಳೆಯ ಉಡುಪು ಕೊಡುತ್ತಾನೆ. ಆಕೆಯ ಸಮ್ಮತಿಯ ಮಾತೇ ಕಥನದಲ್ಲಿಲ್ಲ. ಊರಿಗೆ ಮರಳಿದ ಮೇಲೆ ಅವನು ಹೆಂಡತಿ ಯೊರುನ್ ಜೊತೆಗಿರುತ್ತಾನೆ, ಇವಳ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ. ಪ್ರಣಯ ಕಾದಂಬರಿ ಆರಂಭವಾಗಬೇಕಾದ ಜಾಗದಲ್ಲಿ ಸಾಗಾ ಸಂಬಂಧದ ಬಗ್ಗೆ ಮೌನ ತಾಳುತ್ತದೆ.

ಹೊಸ್ಕುಲ್ಡ್‌ನಿಂದ ಅವಳಿಗೆ ಹುಟ್ಟಿದ ಮಗ ಓಲಾಫ್‌ಗೆ ಎರಡು ವರ್ಷವಾದಾಗ, ಒಂದು ಬೆಳಗ್ಗೆ, ತೊರೆಯ ಬಳಿ ತಾಯಿ ಮಗನೊಡನೆ ಮಾತಾಡುವುದು ಹೊಸ್ಕುಲ್ಡ್‌ನ ಕಿವಿಗೆ ಬೀಳುತ್ತದೆ. ಆಗಷ್ಟೇ ಆಕೆ ತಾನು ಮೆಲ್ಕೋರ್ಕಾ, ಐರ್ಲೆಂಡಿನ ದೊರೆ ಮಿರ್ಕ್ಯಾರ್ಟನ್‌ನ ಮಗಳು, 15ನೆಯ ವಯಸ್ಸಿನಲ್ಲಿ ಸೆರೆಯಾದವಳು ಎಂದು ತಿಳಿಸುತ್ತಾಳೆ. ದೇಹ ಪರರ ಪಾಲಾಗಿದ್ದರೂ ಹೆಸರನ್ನಾಗಲಿ ಕುಲವನ್ನಾಗಲಿ ಅಷ್ಟು ಕಾಲ ಯಾರಿಗೂ ಬಿಟ್ಟುಕೊಡದ ಆ ಮೌನವನ್ನು ನಾನು ಪ್ರತಿರೋಧವೆಂದೇ ಓದುತ್ತೇನೆ. ಮುಂದೆ ಯೊರುನ್ ಕಾಲುಚೀಲದಿಂದ ಬಾರಿಸಿದಾಗ ಆಕೆಯ ಮೂಗಿನಲ್ಲಿ ರಕ್ತ ಬರುವಂತೆ ಹೊಡೆಯುವವಳೂ ಇವಳೇ.

ದೊಡ್ಡವನಾದ ಓಲಾಫ್ ತಾತನನ್ನು ಕಾಣಲು ಹೊರಡಬೇಕಿದ್ದ ಐರ್ಲೆಂಡ್ ಯಾತ್ರೆಗೆ ಹೊಸ್ಕುಲ್ಡ್ ಒತ್ತಾಸೆಯಾಗದಿದ್ದಾಗ, ಮೆಲ್ಕೋರ್ಕಾ ಹಣ ಹೊಂದಿಸಲೆಂದೇ ಥೋರ್ಬ್ಯೋರ್ನ್ ಎಂಬವನನ್ನು ಮದುವೆಯಾಗುತ್ತಾಳೆ. ಅದೂ ಹೊಸ್ಕುಲ್ಡ್ ಊರಲ್ಲಿಲ್ಲದಾಗ. ಗುರುತಿಗಾಗಿ ತಂದೆ ಕೊಟ್ಟ ಚಿನ್ನದ ಉಂಗುರವನ್ನು ಮಗನ ಕೈಗಿಡುತ್ತಾಳೆ. ತಾಯಿಯಿಂದ ಕಲಿತ ಐರಿಷ್ ನುಡಿಯೇ ಅಲ್ಲಿ ಅವನನ್ನು ಕಾಯುತ್ತದೆ.

ದಾಸಿಯನ್ನು ರಾಜಪುತ್ರಿಯಾಗಿಸುವುದರಲ್ಲಿ ಓಲಾಫ್‌ನ ವಂಶದ ಘನತೆ ಹೆಚ್ಚಿಸುವ ಉದ್ದೇಶವಿರುವುದು ಸ್ಪಷ್ಟ. ಸಂತೆಯ ಉಳಿದ 11 ಮಂದಿಗೆ ಸಾಗಾ ಹೆಸರನ್ನೂ ಕೊಟ್ಟಿಲ್ಲ. ಹಾಗಿದ್ದರೂ ಅದು ಅವರ ಬೆಲೆಯನ್ನು ಮರೆಮಾಚಲಿಲ್ಲ. ವೈಕಿಂಗ್ ಯುಗದ ಪ್ರಣಯ ಬರೆಯುವವರು ಆ ಬೆಳ್ಳಿಯ ಲೆಕ್ಕವನ್ನು ಎದುರಿಸಲೇಬೇಕು. ಅದನ್ನು ಅಳಿಸಿ ಕಟ್ಟಿದ ಪ್ರೀತಿ ಮೆಲ್ಕೋರ್ಕಾಳಂಥವರಿಗೆ ಮತ್ತೊಮ್ಮೆ ಎಸಗುವ ಅನ್ಯಾಯ.