ಮೌನವಾಗಿ ನಿಂತ ಮಕ್ಕಳು

ಇಲ್ಲಿನ ಸರ್ಕಾರಿ ಶಾಲೆಗಳಿಗೆ ಹೋಗುವ ನಮ್ಮ ಮಕ್ಕಳಿಗೆ ಬೆಳಗಿನ ಪ್ಲೆಡ್ಜ್ ಬಾಯಿಪಾಠವಾಗಿರುತ್ತದೆ. ಧ್ವಜದ ಮುಂದೆ ನಿಂತು, ಎದೆಯ ಮೇಲೆ ಕೈಯಿಟ್ಟು ಹೇಳುತ್ತಾರೆ. ಆದರೆ ಒಪ್ಪದ ಮಗುವಿನ ಬಾಯಿಂದ ಅದನ್ನು ಬಲವಂತವಾಗಿ ಹೇಳಿಸಲು ಶಾಲೆಗೆ ಅಧಿಕಾರವಿಲ್ಲ. ಈ ಮಾತು ಹೇಳಿದಾಗ ನಮ್ಮ ಎಷ್ಟೋ ಪೋಷಕರು ಆಶ್ಚರ್ಯಪಡುವುದನ್ನು ನಾನು ಕಂಡಿದ್ದೇನೆ. ಆ ನಿಯಮ ಬಂದ ಬಗೆಯನ್ನು ಈ ಸಂಚಿಕೆಯಲ್ಲಿ ಬರೆಯಲು ಒಂದು ಕಾರಣವಿದೆ. ಚುನಾವಣೆ ಬಂತೆಂದರೆ, ಅದು ಅಮೆರಿಕದ್ದಾಗಲಿ ಭಾರತದ್ದಾಗಲಿ, ನಮ್ಮ ಪಾಟ್‌ಲಕ್ ಊಟಗಳಲ್ಲೂ ವಾಟ್ಸಾಪ್ ಗುಂಪುಗಳಲ್ಲೂ ಎರಡು ಪಾಳಯಗಳಾಗುತ್ತವೆ. ಸಹಿಷ್ಣುತೆ ಬೇಕು ಎಂದು ಎರಡೂ ಕಡೆಯವರು ಹೇಳುತ್ತಾರೆ. ಯಾರು ಯಾರನ್ನು ಸಹಿಸಬೇಕು ಎಂಬುದೇ ಪ್ರಶ್ನೆ. ಆ ಪ್ರಶ್ನೆಗೆ ಶಾಲಾ ಮಕ್ಕಳ ಮೂರು ಮೊಕದ್ದಮೆಗಳು ಉತ್ತರ ಕೊಟ್ಟಿವೆ.

ಮೊದಲನೆಯದು ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಎಂಬ ಚಿಕ್ಕ ಊರಿನದು. 1935ರಲ್ಲಿ ಅಲ್ಲಿನ ಲಿಲಿಯನ್ ಎಂಬ 12 ವರ್ಷದ ಹುಡುಗಿ ಮತ್ತು ಅವಳ ತಮ್ಮ, 10 ವರ್ಷದ ವಿಲಿಯಂ, ಧ್ವಜವಂದನೆ ಮಾಡಲಿಲ್ಲ. ಅವರದು ಯೆಹೋವನ ಸಾಕ್ಷಿಗಳು ಎಂಬ ಸಣ್ಣ ಕ್ರೈಸ್ತ ಪಂಗಡ. ದೇವರಿಗಲ್ಲದೆ ಬೇರೆ ಯಾವ ಚಿಹ್ನೆಗೂ ವಂದಿಸಬಾರದು ಎಂಬುದು ಅವರ ನಂಬಿಕೆ. ಶಾಲೆ ಇಬ್ಬರನ್ನೂ ಹೊರಹಾಕಿತು. ತಂದೆ ನ್ಯಾಯಾಲಯಕ್ಕೆ ಹೋದರು. 1940ರ ಜೂನ್ 3ರಂದು ಸುಪ್ರೀಂ ಕೋರ್ಟ್ 8-1ರ ಬಹುಮತದಿಂದ ಶಾಲೆಯ ಪರವಾಗಿ ತೀರ್ಪು ಕೊಟ್ಟಿತು.

ತೀರ್ಪು ಬರೆದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಕೆಟ್ಟವರೇನಲ್ಲ. ವಿಯೆನ್ನಾದ ಯಹೂದಿ ಕುಟುಂಬದಲ್ಲಿ ಹುಟ್ಟಿ, 12ನೇ ವಯಸ್ಸಿನಲ್ಲಿ ಇಂಗ್ಲಿಷ್ ಬಾರದೆ ಈ ದೇಶಕ್ಕೆ ಬಂದವರು. ವಲಸೆ ಬಂದ ತಮ್ಮನ್ನು ಬೆಳೆಸಿದ ಈ ದೇಶದ ಮೇಲೆ ಅವರಿಗೆ ಅಪಾರ ಅಭಿಮಾನವಿತ್ತು. ಯುರೋಪಿನಲ್ಲಿ ಹಿಟ್ಲರನ ಸೇನೆ ಫ್ರಾನ್ಸಿನೊಳಗೆ ನುಗ್ಗಿದ್ದ ದಿನಗಳವು. ದೇಶ ಒಂದಾಗಿ ನಿಲ್ಲಬೇಕು, ಅದಕ್ಕೆ ಧ್ವಜವೇ ಗುರುತು ಎಂದು ಅವರು ನಂಬಿದ್ದರು. ವಲಸೆ ಬಂದ ನಮಗೆ ಅವರ ಭಾವನೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಆದರೆ ತೀರ್ಪಿನ ನಂತರ ನಡೆದದ್ದೇ ಬೇರೆ. ಈ ಪಂಗಡದವರು ದೇಶದ್ರೋಹಿಗಳು ಎಂದು ಕೋರ್ಟೇ ಹೇಳಿದೆ ಎಂಬಂತೆ ಹಲವು ರಾಜ್ಯಗಳಲ್ಲಿ ಗುಂಪುಗಳು ಅವರ ಮೇಲೆ ಬಿದ್ದವು. ತೀರ್ಪು ಬಂದ ವಾರದೊಳಗೇ ಮೇನ್ ರಾಜ್ಯದ ಕೆನೆಬಂಕ್‌ನಲ್ಲಿ ಅವರ ಸಭಾಭವನಕ್ಕೆ ಬೆಂಕಿ ಬಿತ್ತು. ಮಕ್ಕಳನ್ನು ಶಾಲೆಗಳಿಂದ ಹೊರಹಾಕುವುದೂ ಹೆಚ್ಚಿತು. ಅದೇ ಕಾಲದಲ್ಲಿ ಜರ್ಮನಿಯಲ್ಲಿ ಹಿಟ್ಲರನಿಗೆ ವಂದಿಸಲು ಒಪ್ಪದ ಇದೇ ಪಂಗಡದವರನ್ನು ಸೆರೆಶಿಬಿರಗಳಿಗೆ ತಳ್ಳುತ್ತಿದ್ದರು. ಅಮೆರಿಕದ ಮಕ್ಕಳೂ ಆಗ ಬಲಗೈಯನ್ನು ಧ್ವಜದ ಕಡೆಗೆ ನೀಳವಾಗಿ ಚಾಚಿ ವಂದಿಸುತ್ತಿದ್ದರು. ಅದು ನಾಜಿಗಳ ವಂದನೆಯನ್ನು ಹೋಲುತ್ತದೆಂದು 1942ರ ಡಿಸೆಂಬರಿನಲ್ಲಿ ಎದೆಯ ಮೇಲೆ ಕೈಯಿಡುವ ಕ್ರಮವನ್ನು ಕಾನೂನಿನಲ್ಲಿ ತಂದರು.

ಎರಡನೆಯದು ವೆಸ್ಟ್ ವರ್ಜೀನಿಯಾದ ಬಾರ್ನೆಟ್ ಮೊಕದ್ದಮೆ. ಅಲ್ಲಿ ಧ್ವಜವಂದನೆ ಮಾಡದ ಮಗುವನ್ನು ಶಾಲೆಯಿಂದ ತೆಗೆಯುತ್ತಿದ್ದರು. ಮಗು ಶಾಲೆಗೆ ಬರುತ್ತಿಲ್ಲ ಎಂಬ ನೆಪದಲ್ಲಿ ಪೋಷಕರಿಗೆ 50 ಡಾಲರ್‌ವರೆಗೆ ದಂಡ, 30 ದಿನಗಳವರೆಗೆ ಜೈಲು ವಿಧಿಸಬಹುದಿತ್ತು. 1943ರ ಜೂನ್ 14ರಂದು, ಧ್ವಜ ದಿನಾಚರಣೆಯ ದಿನವೇ, ಯುದ್ಧದ ನಡುವೆಯೇ, ಸುಪ್ರೀಂ ಕೋರ್ಟ್ ತನ್ನ ಮೂರು ವರ್ಷ ಹಳೆಯ ತೀರ್ಪನ್ನು 6-3ರ ಬಹುಮತದಿಂದ ತಳ್ಳಿಹಾಕಿತು. ಹಿಂದೆ ಶಾಲೆಯ ಪರ ನಿಂತಿದ್ದ ಬ್ಲ್ಯಾಕ್, ಡಗ್ಲಸ್ ಮತ್ತು ಮರ್ಫಿ ಎಂಬ ಮೂವರು ನ್ಯಾಯಮೂರ್ತಿಗಳು ಮನಸ್ಸು ಬದಲಿಸಿದ್ದರು. ತೀರ್ಪು ಬರೆದವರು ರಾಬರ್ಟ್ ಜಾಕ್ಸನ್. ಅದರ ಸಾರ ಇಷ್ಟು: ಕೆಲವು ಹಕ್ಕುಗಳನ್ನು ಮತಕ್ಕೆ ಹಾಕಿ ತೀರ್ಮಾನಿಸುವಂತಿಲ್ಲ. ಸಣ್ಣಪುಟ್ಟ ವಿಷಯಗಳಲ್ಲಿ ಮಾತ್ರ ಭಿನ್ನಾಭಿಪ್ರಾಯಕ್ಕೆ ಅವಕಾಶ ಕೊಟ್ಟರೆ ಅದು ಸ್ವಾತಂತ್ರ್ಯದ ನೆರಳಷ್ಟೇ. ನಮ್ಮ ಮನಸ್ಸಿಗೆ ಅತಿ ಹತ್ತಿರವಾದ ವಿಷಯದಲ್ಲಿ ಕೊಟ್ಟಾಗಲೇ ಅದರ ನಿಜವಾದ ಪರೀಕ್ಷೆ. ಫ್ರಾಂಕ್‌ಫರ್ಟರ್ ಈ ಬಾರಿ ಭಿನ್ನಮತದ ಕಡೆಗಿದ್ದರು. ಅವರ ದೀರ್ಘ ಭಿನ್ನಮತವೂ ತೀರ್ಪಿನ ಜೊತೆಗೇ ದಾಖಲಾಗಿದೆ. ಸೋತವರ ಮಾತನ್ನೂ ಉಳಿಸಿಕೊಳ್ಳುವುದು ಈ ವ್ಯವಸ್ಥೆಯ ದೊಡ್ಡತನ ಎಂದು ನನಗನಿಸುತ್ತದೆ.

ಮೂರನೆಯದು ನಮ್ಮ ನೆರೆಯ ಕೇರಳದ್ದು. 1985ರ ಜುಲೈನಲ್ಲಿ ಅದೇ ಪಂಗಡದ ಮೂವರು ಮಕ್ಕಳನ್ನು, ಒಬ್ಬ ಅಣ್ಣ ಮತ್ತು ಇಬ್ಬರು ತಂಗಿಯರನ್ನು, ರಾಷ್ಟ್ರಗೀತೆ ಹಾಡಲಿಲ್ಲವೆಂದು ಶಾಲೆಯಿಂದ ತೆಗೆದರು. ರಾಷ್ಟ್ರಗೀತೆಯ ಹೊತ್ತಿಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು; ಹಾಡುತ್ತಿರಲಿಲ್ಲ, ಅಷ್ಟೆ. ಬಹಳ ದಿನ ಯಾರಿಗೂ ಅದು ತಪ್ಪಾಗಿ ಕಂಡಿರಲಿಲ್ಲ. ಶಾಸಕರೊಬ್ಬರು ಗಮನಿಸಿ ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಿದ ಮೇಲೆ ಗದ್ದಲವಾಯಿತು. ವಿಚಾರಣೆಗೆ ನೇಮಕವಾದ ಆಯೋಗವೇ ಮಕ್ಕಳು ಅಗೌರವ ತೋರಿಲ್ಲ ಎಂದು ವರದಿ ಕೊಟ್ಟಿತ್ತು. ಆದರೂ ಅವರನ್ನು ತೆಗೆದರು, ಹೈಕೋರ್ಟಿನಲ್ಲೂ ಪರಿಹಾರ ಸಿಗಲಿಲ್ಲ. 1986ರ ಆಗಸ್ಟ್ 11ರಂದು ಭಾರತದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರು ಬಿಜೋ ಇಮ್ಯಾನುಯೆಲ್ ಮೊಕದ್ದಮೆಯ ತೀರ್ಪು ಬರೆದು, ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿದರು. ಹಾಡಲೇಬೇಕು ಎನ್ನುವ ಕಾನೂನಿಲ್ಲ, ಎದ್ದು ನಿಂತದ್ದೇ ಗೌರವ ಎಂದರು. ಆ ತೀರ್ಪು ಅಮೆರಿಕದ ಬಾರ್ನೆಟ್ ಮೊಕದ್ದಮೆಯನ್ನೂ ಸ್ಮರಿಸಿತು. ನಮ್ಮ ಪರಂಪರೆ, ನಮ್ಮ ತತ್ವ, ನಮ್ಮ ಸಂವಿಧಾನ ಮೂರೂ ಸಹಿಷ್ಣುತೆಯವೇ, ಅದನ್ನು ತೆಳುಮಾಡಬಾರದು ಎಂಬುದು ಅದರ ಕೊನೆಯ ಮಾತಿನ ಭಾವ.

ತಾಳಿದವನು ಬಾಳಿಯಾನು ಎಂಬ ಗಾದೆ ನಮಗೆಲ್ಲ ಗೊತ್ತು. ನಾವು ಅದನ್ನು ಸಾಮಾನ್ಯವಾಗಿ ಹೇಳುವುದು ಕಷ್ಟದಲ್ಲಿರುವವರಿಗೆ, ದುರ್ಬಲರಿಗೆ. ಈ ಮೂರು ಮೊಕದ್ದಮೆಗಳು ತಿರುಗಿಸಿ ಹೇಳುತ್ತವೆ: ಪ್ರಜಾಪ್ರಭುತ್ವದಲ್ಲಿ ತಾಳ್ಮೆ ಮೊದಲು ಬೇಕಾದದ್ದು ಗೆದ್ದವರಿಗೆ, ಸಂಖ್ಯೆಯಲ್ಲಿ ಹೆಚ್ಚಿರುವವರಿಗೆ, ಕೈಯಲ್ಲಿ ಅಧಿಕಾರ ಇರುವವರಿಗೆ. ಇನ್ನೊಬ್ಬರ ಅಭಿಪ್ರಾಯ ಹಿಡಿಸಬೇಕೆಂದೇನೂ ಇಲ್ಲ. ವಾದ ಮಾಡಬಹುದು, ತಪ್ಪೆಂದು ಖಡಾಖಂಡಿತವಾಗಿ ಹೇಳಬಹುದು. ಬಲ ಪ್ರಯೋಗಿಸಿ ಬಾಯಿ ಬಿಡಿಸಬಾರದು, ಬಾಯಿ ಮುಚ್ಚಿಸಲೂ ಬಾರದು. ಇದಕ್ಕೆ ಮಿತಿಯೂ ಇದೆ. ಆ ಮಕ್ಕಳು ಹಾಡುವವರನ್ನು ತಡೆಯಲಿಲ್ಲ, ಗಲಾಟೆ ಮಾಡಲಿಲ್ಲ. ತಡೆದಿದ್ದರೆ ಮಾತೇ ಬೇರೆಯಾಗುತ್ತಿತ್ತು.

ಪೋಷಕರೇ, ಶಿಕ್ಷಕ ಮಿತ್ರರೇ, ನಮಗೆ ಈ ಪರೀಕ್ಷೆ ನ್ಯಾಯಾಲಯದಲ್ಲಿ ಎದುರಾಗುವುದಿಲ್ಲ. ಕಾರಿನಲ್ಲಿ, ಅಡುಗೆಮನೆಯಲ್ಲಿ, ಕನ್ನಡ ಶಾಲೆಯ ಕಾರಿಡಾರಿನಲ್ಲಿ ಎದುರಾಗುತ್ತದೆ. ಇನ್ನೊಂದು ಪಕ್ಷಕ್ಕೆ ಮತ ಹಾಕಿದವರನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ ಎಂಬುದನ್ನು ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳು ಕೇಳಿಸಿಕೊಳ್ಳುತ್ತಾರೆ. ನಾಡು ನುಡಿಯ ಅಭಿಮಾನವನ್ನು ನಾವು ಕಲಿಸೋಣ, ಹಾಡಿಸೋಣ. ಹಾಡುವ ಸಾಲಿನಲ್ಲಿ ಒಂದು ಮಗು ಸುಮ್ಮನೆ ನಿಂತಿದ್ದರೆ ಅದನ್ನು ದ್ರೋಹವೆಂದುಕೊಳ್ಳದೆ, ಆಮೇಲೆ ಪಕ್ಕಕ್ಕೆ ಕರೆದು ಯಾಕೆ ಮಗು ಎಂದು ಪ್ರೀತಿಯಿಂದ ಕೇಳೋಣ. ಈ ವರ್ಷ ಪದವಿ ಪಡೆಯುತ್ತಿರುವ ನಮ್ಮ ಮಕ್ಕಳು ಬೇಗನೇ ಮತದಾರರಾಗುತ್ತಾರೆ, ಕೆಲವು ಸಲ ಗೆಲ್ಲುವ ಕಡೆ, ಕೆಲವು ಸಲ ಸೋಲುವ ಕಡೆ ಇರುತ್ತಾರೆ. ಎರಡು ಕಡೆಯಿದ್ದಾಗಲೂ ಎದುರಿನವರನ್ನು ತಮ್ಮವರೆಂದೇ ಕಾಣುವ ಮನಸ್ಸು ಅವರಿಗೆ ಇರಲಿ. ಎಲ್ಲರಿಗೂ ಶುಭವಾಗಲಿ.